ಮಕ್ಕಳ ಬರ್ತ್‌ಡೇಗೆ ಮ್ಯಾಜಿಕ್ ಶೋ: ಕಲಬುರಗಿಯ ಪಡಸಾಲೆಯಲ್ಲಿ ನಿಂತು ಮಾಡುವುದು ಹೇಗೆ

ನನ್ನ ಮೊದಲ ಶೋನಲ್ಲಿ ನಾನು ಬರ್ತ್‌ಡೇ ಹುಡುಗನನ್ನೇ ಅಳಿಸಿದೆ. ಅಣ್ಣನ ಮಗ, ನಾಲ್ಕು ತುಂಬಿದ ದಿನ. ಯಾರೋ ಅವನಿಗೆ ಕೆಂಪು ಕಾರು ಕೊಟ್ಟಿದ್ದರು. ಅದನ್ನು ಇಸ್ಕೊಂಡು, ಮೇಲೆ ಕರವಸ್ತ್ರ ಮುಚ್ಚಿ, ಮಾಯ ಮಾಡಿದೆ. ದೊಡ್ಡವರು ಚಪ್ಪಾಳೆ ತಟ್ಟಿದರು. ಅವನು ‘ಹೋ’ ಅಂತ ಅಳೋಕೆ ಶುರು ಮಾಡಿದ. ಕಾರು ವಾಪಸ್ ಕೈಗಿಟ್ಟರೂ ನಿಲ್ಲಲಿಲ್ಲ. “ಕಾಕಾ ಬ್ಯಾಡ, ಕಾಕಾ ಬ್ಯಾಡ” ಅಂತ ಅವ್ವನ ಸೆರಗಿನೊಳಗೆ ಮುಖ ಹುದುಗಿಸಿಬಿಟ್ಟ. ಕೇಕ್ ಕತ್ತರಿಸುವಾಗಲೂ ನನ್ನ ಕಡೆ ತಿರುಗಿ ನೋಡಲಿಲ್ಲ.

ಅವತ್ತು ಮನೆಗೆ ಬಂದು ತುಂಬ ಹೊತ್ತು ಯೋಚಿಸಿದೆ. ದೊಡ್ಡವರಿಗೆ ‘ಅವನು ಹೇಗೆ ಮಾಡಿದ’ ಅನ್ನೋ ಕುತೂಹಲ. ನಾಲ್ಕು ವರ್ಷದ ಮಗುವಿಗೆ ಅದು ಬೇಕಾಗಿಯೇ ಇಲ್ಲ. ಅದರ ಲೆಕ್ಕದಲ್ಲಿ ಒಬ್ಬ ದೊಡ್ಡ ಮನುಷ್ಯ ಬಂದು ಆಟಿಕೆ ಕಿತ್ಕೊಂಡ, ಅಷ್ಟೇ. ಆಮೇಲೆ ನನ್ನ ಶೋ ಪೂರ್ತಿ ತಿರುಗಿಸಿದೆ. ಈಗ ಶೋನಲ್ಲಿ ದಡ್ಡ ನಾನು. ಮಂತ್ರ ಹೇಳಿದರೆ ನನ್ನ ಕೈಯಲ್ಲಿ ಏನೂ ಆಗುವುದಿಲ್ಲ, ಮಗು ಉಫ್ ಅಂದರೆ ಆಗುತ್ತದೆ. ಕೆಳಗೆ ಬರೆದಿರುವುದೆಲ್ಲ ಈ ಒಂದು ಮಾತಿನ ಮೇಲೆ ನಿಂತಿದೆ.

ನಾನು ಹಗಲು ಹೊತ್ತು ಶಾಲೆಯಲ್ಲಿ ಡ್ರಾಯಿಂಗ್ ಕಲಿಸುತ್ತೇನೆ, ಭಾನುವಾರ ಪೆಟ್ಟಿಗೆ ಹಿಡಿದು ಹೊರಡುತ್ತೇನೆ. ಇದು ಹೊಸದಾಗಿ ಶುರು ಮಾಡುವವರಿಗೆ. ಅಕ್ಕನ ಮಗಳ ಹುಟ್ಟುಹಬ್ಬಕ್ಕೆ ಒಂದೇ ಸಲ ಮಾಡಬೇಕು ಅನ್ನುವವರಿಗೂ ಸಾಕಾಗುತ್ತದೆ.

ಒಪ್ಪಿಕೊಳ್ಳುವ ಮೊದಲು

ಫೋನಿನಲ್ಲಿ ಮೊದಲು ಕೇಳಬೇಕಾದ್ದು ಮಗುವಿನ ವಯಸ್ಸು. ಮೊದಲ ವರ್ಷದ ಬರ್ತ್‌ಡೇ ನಮ್ಮಲ್ಲಿ ಎಲ್ಲಕ್ಕಿಂತ ಜೋರು, ಆದರೆ ಆ ಮಗುವಿಗೆ ಮ್ಯಾಜಿಕ್ ತಿಳಿಯುವುದೇ ಇಲ್ಲ. ವಸ್ತುಗಳು ಹೀಗೇ ಇರಬೇಕು ಅನ್ನೋ ನಂಬಿಕೆ ಗಟ್ಟಿಯಾಗಿದ್ದರೆ ತಾನೇ, ಅದು ತಪ್ಪಿದಾಗ ಬೆರಗು? ಅಂಥ ಶೋ ಬಂದರೆ, ಬಂದ ಮಿಕ್ಕ ಮಕ್ಕಳಿಗಾಗಿ ಮಾಡುತ್ತೇನೆ ಅಂತ ಮೊದಲೇ ಹೇಳಿಬಿಡಿ. ಮೂರು-ನಾಲ್ಕು ವರ್ಷದವರಿಗೆ 15ರಿಂದ 20 ನಿಮಿಷ ಸಾಕು. ಐದರಿಂದ ಎಂಟರವರೆಗಿನವರು ಅರ್ಧ ಗಂಟೆ ಕೂರುತ್ತಾರೆ, ಅವರೇ ಚಿನ್ನದಂಥ ಪ್ರೇಕ್ಷಕರು. ಒಂಬತ್ತು ದಾಟಿದವರು “ತೋಳಿನ್ಯಾಗ ಅದ” ಅಂತ ಕೂಗುತ್ತಾರೆ. ಅವರನ್ನು ಹೇಗೆ ಸಂಭಾಳಿಸೋದು ಅಂತ ಮುಂದೆ ಹೇಳುತ್ತೇನೆ.

ಎರಡನೇ ಪ್ರಶ್ನೆ, ಕೇಕ್ ಯಾವಾಗ? ಕಾರ್ಡಿನಲ್ಲಿ 7 ಗಂಟೆ ಅಂತ ಇರುತ್ತದೆ. ಜನ ಸೇರುವುದು ಎಂಟೂವರೆಗೆ. ಕೇಕ್ ಕತ್ತರಿಸಿದ ಮೇಲೆ ಶೋ ಇಟ್ಟುಕೊಂಡರೆ ಕೆಟ್ಟಿರಿ. ಮಕ್ಕಳ ಕೈಯಲ್ಲಿ ಪೇಪರ್ ಪ್ಲೇಟು, ಮೂಗಿಗೆ ಕ್ರೀಮು, ಹಿಂದೆ ಊಟಕ್ಕೆ ಕರೆಯುವ ಗದ್ದಲ. ಕೇಕ್ ಮುಂದೆ ಇದೆ ಅನ್ನೋ ಆಸೆಗೇ ಮಕ್ಕಳು ಕೂತಿರುತ್ತಾರೆ. ಹಾಗಾಗಿ ನನ್ನ ಹಟ ಒಂದೇ: ಶೋ ಮೊದಲು, ಶೋದ ಕೊನೆಯ ಆಟದಿಂದ ನೇರವಾಗಿ ಕೇಕಿಗೆ.

ಮೂರನೆಯದು, ಮನೆಯಲ್ಲಿ ಏನು ಭಾಷೆ? ನಮ್ಮ ಊರಿನ ಒಂದು ಪಡಸಾಲೆಯಲ್ಲಿ ಕನ್ನಡ, ದಖನಿ ಉರ್ದು, ಮರಾಠಿ, ತೆಲುಗು ಎಲ್ಲ ಒಟ್ಟಿಗೆ ಕೂತಿರುತ್ತವೆ. ಕನ್ನಡದ ಚಮತ್ಕಾರದ ಮಾತು ಅರ್ಧ ಮಕ್ಕಳಿಗೆ ತಲುಪದೇ ಹೋಗಬಹುದು. ಅದಕ್ಕೇ ಮೊದಲ ಆಟ ನಾನು ಮಾತೇ ಆಡದೆ ಮಾಡುತ್ತೇನೆ. ಎಣಿಕೆ ಮಾತ್ರ ಎರಡು ಸಲ: ಒಂದು, ಎರಡು, ಮೂರು, ಏಕ್, ದೋ, ತೀನ್. ಮಂತ್ರಕ್ಕೆ ‘ಛೂ’ ಸಾಕು. ಅದಕ್ಕೆ ಯಾವ ಭಾಷೆಯ ಹಂಗೂ ಇಲ್ಲ.

ಮಗುವಿನ ಹೆಸರನ್ನು ಬರೆಸಿಕೊಳ್ಳಿ, ಬರೀ ಕೇಳಿಕೊಂಡರೆ ಸಾಲದು. ಯಾಕೆ ಅಂತ ಕೊನೆಯ ಆಟದಲ್ಲಿ ಗೊತ್ತಾಗುತ್ತದೆ.

ಜಾಗ ಕಟ್ಟಿಕೊಳ್ಳುವುದು

ಒಂದು ಗಂಟೆ ಮೊದಲು ಹೋಗಿ. ನಿಮ್ಮ ಬೆನ್ನು ಗೋಡೆಗಿರಬೇಕು, ಇದರಲ್ಲಿ ರಾಜಿ ಇಲ್ಲ. ಮಾಳಿಗೆ ಮೇಲೆ ಪೆಂಡಾಲ್ ಹಾಕಿದ್ದರೆ ಒಂದು ಮೂಲೆ ಹಿಡಿಯಿರಿ. ಮಕ್ಕಳು ಹಿಂದಿನಿಂದ ಬಂದರೆ ಎಂಥ ಕೈಚಳಕವೂ ನಿಲ್ಲುವುದಿಲ್ಲ. ಮೊಬೈಲ್ ಹಿಡಿದ ಮಾಮಂದಿರಿಗೂ ಅಷ್ಟೇ. ಪಕ್ಕದಲ್ಲಿ ನಿಂತು ವಿಡಿಯೋ ಮಾಡುವವರಿಗೆ “ಸ್ವಲ್ಪ ಪಾರಗೋಳ (ಮಕ್ಕಳ) ಹಿಂದ ಬರ್ರಿ, ಅಲ್ಲಿಂದ ಮಸ್ತ್ ಕಾಣಸ್ತದ” ಅನ್ನಿ. ಕೇಳುತ್ತಾರೆ.

ಮಕ್ಕಳನ್ನು ಕುರ್ಚಿಯಲ್ಲಿ ಕೂರಿಸಬೇಡಿ. ಕುರ್ಚಿ ಅಂದರೆ ಅಲುಗಾಟ, ಜಗಳ, ಬೀಳೋದು. ಜಮಖಾನೆ ಹಾಸಿ ನೆಲದ ಮೇಲೆ ಕೂರಿಸಿ, ಹಿಂದೆ ದೊಡ್ಡವರಿಗೆ ಕುರ್ಚಿ. ನಿಮಗೂ ಮೊದಲ ಸಾಲಿಗೂ ಐದಾರು ಅಡಿ ಇರಲಿ. ಆ ಗಡಿಗೆ ನಾನು ಫರಸಿ ಕಲ್ಲಿನ ಮೇಲೆ ಚಾಕ್‌ಪೀಸಿನಿಂದ ಗೆರೆ ಎಳೆದು, “ಇದು ಭೀಮಾ ನದಿ, ದಾಟಿದರೆ ಕಾಲು ಒದ್ದೆಯಾಗ್ತದ” ಅಂತೇನೆ. ಮಕ್ಕಳು ನಿಜವಾಗಿಯೂ ಕಾಲು ಹಿಂದೆ ಎಳೆದುಕೊಳ್ಳುತ್ತಾರೆ.

ಫರಸಿಯ ಮಾತು ಬಂತು. ನಮ್ಮ ಹಳೇ ಮನೆಗಳಲ್ಲಿ ನೆಲಕ್ಕೆಲ್ಲ ಶಹಾಬಾದ್ ಕಲ್ಲು. ತಂಪು, ಚಂದ. ಆದರೆ ಒಂದು ನಾಣ್ಯ ಕೈಜಾರಿದರೆ ಆ ಕಲ್ಲು ಇಡೀ ಓಣಿಗೆ ಕೇಳುವಂತೆ ಠಣ್ ಅನ್ನುತ್ತದೆ. ಮುಚ್ಚಿಟ್ಟ ನಾಣ್ಯ ಎಲ್ಲಿತ್ತು ಅಂತ ಅದೇ ಸಾರಿಬಿಡುತ್ತದೆ. ನಾಣ್ಯದ ಆಟಗಳನ್ನು ನಾನು ಬಿಟ್ಟದ್ದು ಇದಕ್ಕೇ. ಹಿಂದಿನ ಸಾಲಿಗೆ ಅವು ಕಾಣುವುದೂ ಇಲ್ಲ ಬಿಡಿ.

ಮೇಜಿಗೆ ಒಂದು ಟೀಪಾಯಿ ಸಾಕು, ಮೇಲೆ ನೆಲ ಮುಟ್ಟುವಂತೆ ಹಳೇ ಇಳಕಲ್ ಸೀರೆ. ಸಾಮಾನಿನ ಸೂಟ್‌ಕೇಸನ್ನು ಅದರ ಮೇಲಿಟ್ಟು, ಮುಚ್ಚಳ ಮಕ್ಕಳ ಕಡೆ ಇರುವಂತೆ ತೆರೆಯಿರಿ. ಆ ಮುಚ್ಚಳವೇ ನಿಮ್ಮ ಪರದೆ. ಮುಗಿದ ಆಟದ ಸಾಮಾನು ಅದರ ಹಿಂದೆ ಬೀಳಲಿ.

ಇನ್ನು ನಮ್ಮ ಊರಿನ ಎರಡು ಶತ್ರುಗಳು, ಫ್ಯಾನ್ ಮತ್ತು ಕರೆಂಟು. ಮೇ ತಿಂಗಳಲ್ಲಿ 42 ಡಿಗ್ರಿ ದಾಟುವುದು ಇಲ್ಲಿ ಹೊಸದೇನಲ್ಲ. ಫ್ಯಾನ್ ಆರಿಸಿ ಅಂದರೆ ಯಾರೂ ಕ್ಷಮಿಸುವುದಿಲ್ಲ. ಅದು ತಿರುಗುತ್ತಿದ್ದರೆ ರೇಷ್ಮೆ ವಸ್ತ್ರ, ತೆಳು ಕಾಗದ ಎಲ್ಲ ಹಾರಾಡುತ್ತವೆ. ಹಾಗಾಗಿ ಫ್ಯಾನಿನ ನೇರ ಕೆಳಗೆ ನಿಲ್ಲಬೇಡಿ, ಗೋಡೆಗೆ ಸರಿಯಿರಿ. ಕೋಟು-ಟೋಪಿಯ ಆಸೆಯನ್ನೂ ಬಿಡಿ. ಹತ್ತಿ ಜುಬ್ಬಾ, ಬಣ್ಣದ ಜಾಕೀಟು ಸಾಕು. ಸಂಗೀತಕ್ಕೆ ಚಾರ್ಜ್ ಮಾಡಿದ ಸಣ್ಣ ಬ್ಲೂಟೂತ್ ಸ್ಪೀಕರ್ ತನ್ನಿ, ಮನೆಯವರ ಸೌಂಡ್ ಸಿಸ್ಟಮ್ ನಂಬಬೇಡಿ. ಕರೆಂಟು ಹೋದರೆ? “ಛೂ ಅಂದಿದ್ದು ಸ್ವಲ್ಪ ಜಾಸ್ತಿ ಆಯ್ತು” ಅನ್ನಿ. ದೀಪ ಬಂದಾಗ ಚಪ್ಪಾಳೆಯೂ ನಿಮ್ಮದೇ.

ಆಟ ಎಷ್ಟು, ಯಾವ ಕ್ರಮದಲ್ಲಿ

ಅರ್ಧ ಗಂಟೆಗೆ ನಾಲ್ಕೇ ಆಟ, ಜೊತೆಗೆ ನಡುನಡುವೆ ಬರುವ ಒಂದು ತಮಾಷೆ. ಹೊಸಬರು ಹನ್ನೆರಡು ಆಟ ತುಂಬಿಕೊಂಡು ಬಂದು ಓಡಿಸುತ್ತಾರೆ. ಮಕ್ಕಳಿಗೆ ಒಂದು ಆಟದೊಳಗೆ ಕೂಗಾಡಲು, ನಗಲು, ನಿಮ್ಮನ್ನು ತಿದ್ದಲು ಹೊತ್ತು ಬೇಕು.

ಮೊದಲನೆಯದು ಮಾತಿಲ್ಲದ ಆಟ: ಮಂತ್ರದಂಡ. ಕೈಗೆ ತೆಗೆದುಕೊಂಡ ಕೂಡಲೇ ತುಂಡು ತುಂಡಾಗಿ ಜೋತುಬೀಳುವ ಕೋಲು ಅಂಗಡಿಯಲ್ಲೂ ಆನ್‌ಲೈನಿನಲ್ಲೂ ಸಿಗುತ್ತದೆ. ನನ್ನ ಕೈಯಲ್ಲಿ ನೆಟ್ಟಗೆ, ಮಗುವಿಗೆ ಕೊಟ್ಟರೆ ಮುರಿದಂತೆ ಬೀಳಬೇಕು ಅಂತ ಅದರ ಜೊತೆಗಿನ ಚೀಟಿಯಲ್ಲಿ ಇರುತ್ತದೆ. ನಾನು ಉಲ್ಟಾ ಮಾಡುತ್ತೇನೆ. ಮುರಿಯುವುದು ನನ್ನ ಕೈಯಲ್ಲಿ. ಗಾಬರಿಯಾಗುತ್ತೇನೆ, ಬೆವರು ಒರೆಸಿಕೊಳ್ಳುತ್ತೇನೆ. ಒಂದು ಮಗು ಛೂ ಅಂದರೆ ನೆಟ್ಟಗಾಗುತ್ತದೆ. ಎರಡೇ ನಿಮಿಷದಲ್ಲಿ ಇಡೀ ಗುಂಪಿಗೆ ಗೊತ್ತಾಗುತ್ತದೆ: ಈ ಕಾಕಾಗೆ ಏನೂ ಬರಲ್ಲ, ನಾವೇ ಕಲಿಸಬೇಕು.

ಎರಡನೆಯದು ಬಣ್ಣದ ಪುಸ್ತಕ. ಇದನ್ನು ಮನೆಯಲ್ಲೇ ಮಾಡಿಕೊಳ್ಳಿ, ಕೊಂಡದ್ದಕ್ಕಿಂತ ಚೆನ್ನಾಗಿರುತ್ತದೆ. ಗೆರೆ ಇಲ್ಲದ, ಸ್ವಲ್ಪ ದಪ್ಪ ಹಾಳೆಯ, 24 ಹಾಳೆಯ ಡ್ರಾಯಿಂಗ್ ಪುಸ್ತಕ ತನ್ನಿ. ಹಾಳೆಗಳಿಗೆ ಪೆನ್ಸಿಲ್‌ನಲ್ಲಿ ನಂಬರ್ ಹಾಕಿ. ಪುಟಕ್ಕಲ್ಲ, ಹಾಳೆಗೆ. 2, 4, 6 ಹೀಗೆ ಸಮ ಸಂಖ್ಯೆಯ ಹಾಳೆಗಳ ಹೊರ ಅಂಚನ್ನು ಬ್ಲೇಡು, ಸ್ಕೇಲು ಹಿಡಿದು 3 ಮಿಲಿಮೀಟರ್ ಕತ್ತರಿಸಿ. ಈಗ ಒಂದು ಉದ್ದ, ಒಂದು ಗಿಡ್ಡ, ಒಂದು ಉದ್ದ, ಒಂದು ಗಿಡ್ಡ. ಪುಸ್ತಕ ತೆರೆದಾಗ 2 ಮತ್ತು 3ರ ನಡುವೆ, 4 ಮತ್ತು 5ರ ನಡುವೆ ಎದುರುಬದುರಾಗಿ ಕಾಣುವ ಎರಡೂ ಪುಟಗಳಲ್ಲಿ ಬರೀ ಕಪ್ಪು ಗೆರೆಯ ಚಿತ್ರ ಬರೆಯಿರಿ, ಕೊನೆಯವರೆಗೂ ಹೀಗೇ. 1 ಮತ್ತು 2ರ ನಡುವೆ, 3 ಮತ್ತು 4ರ ನಡುವೆ ಕಾಣುವ ಪುಟಗಳಲ್ಲಿ ಅವೇ ಚಿತ್ರಗಳನ್ನು ಬಣ್ಣ ತುಂಬಿ ಬರೆಯಿರಿ.

ಈಗ ಹೆಬ್ಬೆರಳನ್ನು ಹೊರ ಅಂಚಿಗೆ ಒತ್ತಿ, ಮೊದಲಿನಿಂದ ಕೊನೆಗೆ ಸರ್ರನೆ ಹಾಳೆ ಬಿಡಿ. ಹೆಬ್ಬೆರಳಿಗೆ ಸಿಗುವುದು ಉದ್ದ ಹಾಳೆ ಮಾತ್ರ, ಗಿಡ್ಡ ಹಾಳೆ ಅದರ ಹಿಂದೆಯೇ ಬಿದ್ದುಹೋಗುತ್ತದೆ. ಕಾಣುವುದು ಬರೀ ಕಪ್ಪು ಗೆರೆ. ಕೊನೆಯಿಂದ ಮೊದಲಿಗೆ ಬಿಟ್ಟರೆ ಬರೀ ಬಣ್ಣ. ಅಷ್ಟೇ ಗುಟ್ಟು. ನಿಧಾನ ಮಾಡಬಾರದು, ತೀರಾ ಅವಸರವೂ ಬೇಡ. ಕನ್ನಡಿ ಮುಂದೆ ಒಂದು ವಾರ ಅಭ್ಯಾಸ ಮಾಡಿ. ಚಿತ್ರಗಳು ಮಕ್ಕಳಿಗೆ ಗೊತ್ತಿರುವವೇ ಇರಲಿ. ನನ್ನ ಪುಸ್ತಕದಲ್ಲಿ ಜೋಳದ ತೆನೆ, ಎತ್ತು, ಕೋಟೆಯ ಬಾಗಿಲು, ಶರಣಬಸವೇಶ್ವರರ ತೇರು, ಬುದ್ಧ ವಿಹಾರದ ಗುಮ್ಮಟ ಇವೆ. ತೇರು ಬಂದ ಕೂಡಲೇ “ನಮ್ ಅಪ್ಪನ ಗುಡಿ!” ಅಂತ ಒಬ್ಬರಾದರೂ ಎದ್ದು ನಿಲ್ಲುತ್ತಾರೆ.

ಆಡುವುದು ಹೀಗೆ. ಮೊದಲು ಗೆರೆಯ ಚಿತ್ರ ತೋರಿಸಿ. “ಅಯ್ಯ, ಬಣ್ಣ ತರೋದೇ ಮರ್ತೆ!” ಅನ್ನಿ. ಮಕ್ಕಳು ತಮ್ಮ ಅಂಗಿ-ಲಂಗದಿಂದ ಬಣ್ಣ ಚಿವುಟಿ ಪುಸ್ತಕದ ಕಡೆ ಎಸೆಯಲಿ. ಯಾರು ಕೆಂಪು? ಯಾರು ಹಸಿರು? ಇಲ್ಲಿ ಅವಸರ ಬೇಡವೇ ಬೇಡ. ಪುಸ್ತಕ ಬೀಸಿ ‘ಹಿಡಿದೆ, ಹಿಡಿದೆ’ ಅನ್ನುತ್ತಾ ಕೈಯಲ್ಲೇ ತಿರುಗಿಸಿಕೊಂಡು ಹಿಂದಿನಿಂದ ಬಿಡಿ. ಬಣ್ಣ ಬಂತು! ಯಾರ ಬಣ್ಣ? ಅವರದೇ. ಪುಸ್ತಕವನ್ನು ಮಾತ್ರ ಯಾರ ಕೈಗೂ ಕೊಡಬೇಡಿ.

ಮೂರನೆಯದು ಸ್ಪಂಜಿನ ಚೆಂಡು. ಮಗುವಿನ ಮುಷ್ಟಿಯಲ್ಲಿ ಒಂದು ಇಟ್ಟರೆ ಎರಡಾಗಿ ಹೊರಬರುತ್ತದೆ. ವಿಷಯ ಸರಳ: ಒಂದು ಅಂತ ತೋರಿಸಿ ಎರಡನ್ನು ಒತ್ತಿ ಒಟ್ಟಿಗೆ ಇಡುತ್ತೀರಿ. ಸ್ಪಂಜು ಅದುಮಿದರೆ ಎರಡೂ ಸೇರಿ ಒಂದರಷ್ಟೇ ಕಾಣುತ್ತವೆ. ಕೂಡಲೇ ಮುಷ್ಟಿ ಮುಚ್ಚಿಸಿ, ಮೇಲೆ ನಿಮ್ಮ ಕೈ ಹಿಡಿದು ಬಿಗಿಯಾಗಿ ಇರಲಿ ಅನ್ನಿ. ತೆರೆದಾಗ ಚೆಂಡುಗಳು ಉಬ್ಬಿ ಹೊರಗೆ ಹಾರುತ್ತವೆ. ಮಗುವಿನ ಮುಖ ಆಗ ನೋಡಬೇಕು.

ಚರಗಿಯ ನೀರು

ನಡುನಡುವೆ ಬರುವ ತಮಾಷೆ ಇದು. ಪಿ. ಸಿ. ಸರ್ಕಾರ್ (1913–1971) ಅಂಥ ದೊಡ್ಡ ಜಾದೂಗಾರರೂ ಇದನ್ನು ಬಿಡಲಿಲ್ಲ. ಅವರ ‘ವಾಟರ್ ಆಫ್ ಇಂಡಿಯಾ’ ಇದೇ: ಚರಗಿಯ (ತಂಬಿಗೆಯ) ನೀರನ್ನೆಲ್ಲ ಸುರಿದು ಖಾಲಿ ಮಾಡಿ ಇಡುವುದು, ಇನ್ನೊಂದು ಆಟ ಮುಗಿಸಿ ಬಂದು ಅದರಿಂದಲೇ ಮತ್ತೆ ಸುರಿಯುವುದು, ಶೋ ಪೂರ್ತಿ ಹೀಗೇ. ಚರಗಿಗೆ ಒಳಗೆ ಇನ್ನೊಂದು ಗುಪ್ತ ಕೋಣೆ. ಮೇಲೆ ಗಾಳಿಗೊಂದು ಸಣ್ಣ ತೂತು, ತಳದಲ್ಲಿ ನೀರಿಗೊಂದು. ಮೇಲಿನ ತೂತನ್ನು ಬೆರಳಿನಿಂದ ಮುಚ್ಚಿದರೆ ಗಾಳಿ ಒಳಗೆ ಹೋಗುವುದಿಲ್ಲ, ಗುಪ್ತ ಕೋಣೆಯ ನೀರು ಅಲ್ಲೇ ನಿಲ್ಲುತ್ತದೆ. ಸುರಿದು ಕೆಳಗಿಟ್ಟು ಬೆರಳು ತೆಗೆದರೆ ನೀರು ನಿಧಾನಕ್ಕೆ ಸುರಿಯುವ ಭಾಗಕ್ಕೆ ಇಳಿಯುತ್ತದೆ. ಅದಕ್ಕೆ ಒಂದೆರಡು ನಿಮಿಷ ಬಿಡಬೇಕು, ಆ ಹೊತ್ತಿಗೆ ನೀವು ಇನ್ನೊಂದು ಆಟದಲ್ಲಿ ಇರುತ್ತೀರಿ.

ಬೇಸಿಗೆಯಲ್ಲಿ ನಲ್ಲಿಗೆ ಕಾದು ಕೂತವರ ಊರು ನಮ್ಮದು. ಖಾಲಿ ಚರಗಿ ತುಂಬುವುದನ್ನು ನೋಡಿ ಮಕ್ಕಳಿಗಿಂತ ಹೆಂಗಸರೇ ಜಾಸ್ತಿ ನಗುತ್ತಾರೆ. “ಮಾರಾಯ, ಅದನ್ನ ನಮ್ಮ ಮನ್ಯಾಗೇ ಬಿಟ್ಟು ಹೋಗು” ಅಂತ ಒಬ್ಬ ಆಯಿ ಅಂದಿದ್ದರು.

‘ಗುಟ್ಟು ನಂಗೊತ್ತು’ ಅಂತ ಕೂಗುವ ದೊಡ್ಡ ಹುಡುಗನಿಗೂ, ಮೀಸೆ ತಿರುವುವ ಮಾಮನಿಗೂ ಈ ಆಟದಲ್ಲೇ ಕೆಲಸ. ಕರೆದು, ನೀರು ಬೀಳುವ ಬಕೆಟ್ ಹಿಡಿಸಿ. ಪಾತ್ರ ಸಿಕ್ಕವನು ತಂಟೆ ಮಾಡುವುದಿಲ್ಲ. ಜಗಳಕ್ಕೆ ಮಾತ್ರ ಇಳಿಯಬೇಡಿ. ಮಗು ಸರಿಯಾಗಿಯೇ ಗುಟ್ಟು ಹಿಡಿದರೆ “ಹೌದಾ? ನಂಗೇ ಗೊತ್ತಿರಲಿಲ್ಲ” ಅಂತ ಮುಂದೆ ಹೋಗಿ.

ಕೊನೆಯ ಆಟ: ಹೆಸರಿನ ಕಾಗದ

ಇದು ಬರ್ತ್‌ಡೇ ಮಗುವಿನದು, ಅಲ್ಲಿಯವರೆಗೆ ಅದನ್ನು ಕರೆಯಬಾರದು. ಮಗು ಕಾಗದ ಹರಿಯುತ್ತದೆ, ಉಫ್ ಅನ್ನುತ್ತದೆ, ಚೂರುಗಳು ಒಂದಾಗಿ ಅದರದೇ ಹೆಸರಿನ ದೊಡ್ಡ ಹಾಳೆಯಾಗುತ್ತದೆ.

ಸಂಕ್ರಾಂತಿ ಹೊತ್ತಿಗೆ ಬರುವ ಪತಂಗದ (ಗಾಳಿಪಟದ) ಕಾಗದ ಕೊಂಡಿಟ್ಟುಕೊಳ್ಳಿ. ತೆಳು, ಗಟ್ಟಿ, ಮಡಚಿದರೆ ಪುಟ್ಟದಾಗುತ್ತದೆ. ಕಡು ನೀಲಿ ಬಣ್ಣದ್ದು ಒಳ್ಳೆಯದು. 12 ಇಂಚು ಅಗಲ, 18 ಇಂಚು ಉದ್ದದ ಎರಡು ಹಾಳೆ ಕತ್ತರಿಸಿ. ಒಂದರ ಮೇಲೆ ಬಿಳಿ ಪೋಸ್ಟರ್ ಕಲರ್‌ನಲ್ಲಿ ತೆಳುವಾಗಿ ಹೆಸರು ಬರೆದು ಪೂರ್ತಿ ಒಣಗಲು ಬಿಡಿ. ದೀರ್ಘ, ಒತ್ತು ಎಲ್ಲ ಸರಿಯಾಗಿರಲಿ. ಒಮ್ಮೆ ನಾನು ಒಂದು ಒತ್ತಕ್ಷರ ನುಂಗಿ, ಅಜ್ಜನಿಂದ ಬೈಸಿಕೊಂಡಿದ್ದೇನೆ. ಉರ್ದುವಿನಲ್ಲಿ ಬೇಕೆಂದರೆ ಮನೆಯವರ ಕೈಯಲ್ಲೇ ಚೀಟಿಯಲ್ಲಿ ಬರೆಸಿಕೊಂಡು, ನೋಡಿ ಬರೆಯುತ್ತೇನೆ. ಆ ಹಾಳೆಯನ್ನು ಹೆಸರು ಒಳಗೆ ಬರುವಂತೆ ಮಡಚುತ್ತಾ ಹೋಗಿ, ಸುಮಾರು 3 ಇಂಚಿನ ಪೊಟ್ಟಣ ಮಾಡಿ. ಅದರ ಒಂದು ಮುಖಕ್ಕೆ ಮಾತ್ರ ಒಂದೇ ಚುಕ್ಕೆ ಗೋಂದು ಇಟ್ಟು ಎರಡನೇ ಹಾಳೆಯ ಹಿಂಭಾಗದಲ್ಲಿ, ಮೇಲಿನ ಮೂಲೆಗೆ ಅಂಟಿಸಿ. ಬಿಚ್ಚುವ ಕಡೆ ಹೊರಗಿರಲಿ.

ಶೋನಲ್ಲಿ ಹಾಳೆ ಹಿಡಿಯುವಾಗ ಪೊಟ್ಟಣ ನಿಮ್ಮ ಬೆರಳ ಹಿಂದೆ. ಮಗುವಿನ ಕೈ ಹಿಡಿದು ಇಬ್ಬರೂ ಅರ್ಧಕ್ಕೆ ಹರಿಯಿರಿ, ಮತ್ತೆ ಅರ್ಧ, ಇನ್ನೊಮ್ಮೆ ಅರ್ಧ. ಪ್ರತಿ ಸಲವೂ ಪೊಟ್ಟಣ ಇರುವ ಚೂರು ನಿಮ್ಮ ಕಡೆಗೆ, ಮಿಕ್ಕವು ಅದರ ಮುಂದೆ, ಮಕ್ಕಳ ಕಡೆಗೆ. ಎಂಟು ಚೂರಾದ ಮೇಲೆ ಎಲ್ಲ ಸೇರಿಸಿ ಪೊಟ್ಟಣದಷ್ಟೇ ಸಣ್ಣದಾಗಿ ಮಡಚಿ. ‘ಜೋರಾಗಿ ಊದು’ ಅಂತ ಮಗುವಿನ ಬಾಯಿ ಹತ್ತಿರ ಒಯ್ಯುವಾಗ ಕೈ ಬದಲಿಸಿ, ಆ ಚಲನೆಯಲ್ಲೇ ತಿರುಗಿಸಿ. ಈಗ ಹೆಸರಿನ ಪೊಟ್ಟಣ ಮುಂದಿದೆ. ನಿಧಾನವಾಗಿ ಬಿಚ್ಚಿ. ಚೂರುಗಳ ಗಂಟು ಹಾಳೆಯ ಹಿಂದೆ ನಿಮ್ಮ ಬೆರಳಡಿ ಉಳಿಯುತ್ತದೆ.

ಒಂದು ಎಚ್ಚರ. ಬೆನ್ನ ಹಿಂದೆ ಕಿಟಕಿ ಅಥವಾ ಟ್ಯೂಬ್‌ಲೈಟ್ ಇದ್ದರೆ ತೆಳು ಕಾಗದದಲ್ಲಿ ಪೊಟ್ಟಣದ ನೆರಳು ಚೌಕಾಕಾರವಾಗಿ ಕಾಣುತ್ತದೆ. ಮನೆಯಲ್ಲಿ ಇಪ್ಪತ್ತು ಹಾಳೆಯಾದರೂ ಹರಿದು ಅಭ್ಯಾಸ ಮಾಡಿದರೆ ಇಂಥವೆಲ್ಲ ಮೊದಲೇ ಗೊತ್ತಾಗುತ್ತವೆ.

ಮಗು ನಾಚಿಕೊಂಡರೆ? ಎಳೆದು ತರಬೇಡಿ. “ಹೋಗಲೇ, ಮಾಮಾ ಕರಿಲಿಕತ್ತಾರ” ಅಂತ ಹಿಂದಿನಿಂದ ದೂಡುವ ಸಂಬಂಧಿಕರನ್ನು ನೀವೇ ತಡೆಯಿರಿ. ಕಾಗದ ಹಿಡಿದು ನೀವೇ ಹೋಗಿ, ಅವ್ವನ ತೊಡೆಯ ಮೇಲೆ ಕೂತೇ ಊದಲಿ. ಆಗ ಅದರ ಕಣ್ಣಿನ ಮಟ್ಟಕ್ಕೆ ಕೂತುಕೊಳ್ಳಿ.

ಮಾಡಲೇಬಾರದ್ದು

ಬೆಂಕಿ ಬೇಡ. ಮಿಂಚಿ ಉರಿಯುವ ಕಾಗದವೂ ಬೇಡ. ಸ್ನೋ ಸ್ಪ್ರೇ ಮನೆಯವರೇ ತಂದಿರುತ್ತಾರೆ, ಮೇಣದಬತ್ತಿ ಹಚ್ಚಿದ ಮೇಲೆ ಅದನ್ನು ಹೊಡೆಯಬಾರದು ಅಂತ ಹೇಳಿ. ಅದರೊಳಗಿನ ಅನಿಲ ಹೊತ್ತಿಕೊಳ್ಳುತ್ತದೆ. ಮೇಲೆ ತೇಲುವ ಬಲೂನಿನಲ್ಲಿ ಹೈಡ್ರೋಜನ್ ತುಂಬಿದ್ದರೆ ಅದೂ ಅಷ್ಟೇ ಅಪಾಯ, ಕೇಕಿನಿಂದ ದೂರ ಕಟ್ಟಿಸಿ. ಒಡೆದ ಬಲೂನಿನ ತುಂಡುಗಳನ್ನು ಕೂಡಲೇ ಎತ್ತಿಹಾಕಿ, ಗಂಟಲಿಗೆ ಸಿಕ್ಕರೆ ಕಷ್ಟ. ಸ್ಪಂಜಿನ ಚೆಂಡು ಮೂರು ವರ್ಷದೊಳಗಿನವರ ಕೈಗೆ ಬೇಡ, ಅವರ ಕೈ ಹೋಗುವುದು ಬಾಯಿಗೇ. ಆಯಸ್ಕಾಂತ ಇರುವ ಸಾಮಾನನ್ನು ಮಕ್ಕಳ ಶೋಗೆ ತರಲೇಬೇಡಿ. ಎರಡು ನುಂಗಿದರೆ ಕರುಳಿನೊಳಗೆ ಒಂದಕ್ಕೊಂದು ಅಂಟಿಕೊಂಡು ಕರುಳನ್ನೇ ತೂತು ಮಾಡಬಹುದು.

ಮೊಲ, ಪಾರಿವಾಳ ತರ್ತೀರಾ ಅಂತ ಕೇಳುವವರು ಇದ್ದೇ ಇರುತ್ತಾರೆ. ಪ್ರಾಣಿಗಳಿಂದ ಪ್ರದರ್ಶನ ಮಾಡಿಸಲು 2001ರ ನಿಯಮದ ಪ್ರಕಾರ ನೋಂದಣಿ ಬೇಕು. ನಮ್ಮ ಗಿಳಿಯನ್ನಂತೂ 1972ರ ವನ್ಯಜೀವಿ ಕಾಯ್ದೆ ಪ್ರಕಾರ ಪಂಜರದಲ್ಲಿ ಇಡುವಂತೆಯೇ ಇಲ್ಲ. ಕಾನೂನು ಬಿಡಿ, 42 ಡಿಗ್ರಿಯಲ್ಲಿ ಪೆಟ್ಟಿಗೆಯೊಳಗೆ ಮೊಲ ಯಾಕೆ ಸಾಯಬೇಕು?

ಇದು ಕೈಚಳಕ ಅಂತ ದೊಡ್ಡವರಿಗೆ ತಿಳಿಸಿ ಹೇಳಬೇಕಾದ ಸಂದರ್ಭವೂ ಬರುತ್ತದೆ. ಒಬ್ಬ ಮುತ್ಯಾ (ಅಜ್ಜ) ಶೋ ಮುಗಿದ ಮೇಲೆ ಪಕ್ಕಕ್ಕೆ ಕರೆದು, ಕಳೆದುಹೋದ ಬೆಳ್ಳಿ ಉಡದಾರ ಎಲ್ಲಿದೆ ಹೇಳು ಅಂದರು. “ಇಲ್ರೀ ಮುತ್ಯಾ, ನಾ ಮುಚ್ಚಿಟ್ಟದ್ದಷ್ಟೇ ನಂಗೆ ಸಿಗ್ತದ” ಅಂದೆ. ನಕ್ಕರು, ಆದರೆ ಪೂರ್ತಿ ನಂಬಿದ ಹಾಗೆ ಕಾಣಲಿಲ್ಲ.

ಮುಗಿಸುವ ಹೊತ್ತು

ಹೆಸರಿನ ಹಾಳೆ ಬಿಚ್ಚಿದ ಕೂಡಲೇ ಕೇಕ್ ತರಲು ಮನೆಯವರಿಗೆ ಸನ್ನೆ ಮಾಡಿ. ಹಾಳೆಯನ್ನು ಮಗುವಿಗೆ ಕೊಡುವ ಮೊದಲು ಹಿಂದಿನ ಚೂರುಗಳ ಗಂಟನ್ನು ಕಿತ್ತು ಜೇಬಿಗೆ ಹಾಕಿಕೊಳ್ಳಬೇಕು. ಗೋಂದು ಒಂದೇ ಚುಕ್ಕೆ ಇಟ್ಟಿದ್ದರೆ ಸುಲಭವಾಗಿ ಬರುತ್ತದೆ, ಜಾಸ್ತಿ ಬಳಿದಿದ್ದರೆ ಹಾಳೆಯೇ ಹರಿಯುತ್ತದೆ. ಎಲ್ಲರೂ ಕೇಕಿನ ಕಡೆ ತಿರುಗುವ ಆ ಅರ್ಧ ನಿಮಿಷ ನಿಮ್ಮದು. ಸೂಟ್‌ಕೇಸ್ ಮುಚ್ಚಿ, ಬೀಗ ಹಾಕಿ, ಕೀಲಿ ಜೇಬಿಗೆ. ಇಲ್ಲದಿದ್ದರೆ ‘ಹ್ಯಾಪಿ ಬರ್ತ್‌ಡೇ’ ಮುಗಿಯುವಷ್ಟರಲ್ಲಿ ಇಬ್ಬರು ಹುಡುಗರು ಇಳಕಲ್ ಸೀರೆಯ ಕೆಳಗೆ ಸೇರಿಕೊಂಡು ನಿಮ್ಮ ಬಣ್ಣದ ಪುಸ್ತಕವನ್ನು ಎರಡೂ ಕಡೆಯಿಂದ ತಿರುವುತ್ತಿರುತ್ತಾರೆ.

ಚರಗಿಯನ್ನು ಮಾತ್ರ ಹೊರಗೇ ಬಿಟ್ಟಿರಿ. ಊಟಕ್ಕೆ ಕೂತಾಗ ಅದರಿಂದ ಕೈಗೆ ನೀರು ಹಾಕು ಅಂತ ಯಾರಾದರೂ ಕೇಳೇ ಕೇಳುತ್ತಾರೆ. ಒಳಗೆ ಇನ್ನೂ ಒಂದು ಸುತ್ತಿಗೆ ಸಾಕಾಗುವಷ್ಟು ಉಳಿದಿರುತ್ತದೆ.